ದಾರಿಗರು ಎಂಬ ಕಾರ್ಡು

ಮೂರನೇ ತಿಂಗಳು, ೪

ಹದಿನಾಲ್ಕು ಪದದ ಕಾರ್ಡು ನೋಡಿದೆ. ಒಂಬತ್ತು ಉಳಿದವು, ಐದು ಸಂದವು. ಸಂದ ಐದರಲ್ಲಿ ಒಂದು, ತೂಕವಿಲ್ಲದ ಕೋಣೆಯಲ್ಲಿ ಮಕ್ಕಳು ಆಡುತ್ತಿದ್ದ ಆಟದ ಹೆಸರು. ಈಗ ಆ ಕೋಣೆಗಳೂ ಇಲ್ಲ, ಆಟವೂ ಇಲ್ಲ. ಹತ್ತು ವರ್ಷ ಯಾರೂ ಅಚ್ಚಿನಲ್ಲಿ ಬಳಸದ ಪದವನ್ನು ಸಂದಿತೆಂದು ಕೆಳಗಿನ ಡ್ರಾಯರಿಗೆ ಹಾಕುವುದು — ಪದಪಾಲಕಿಯಾಗಿ ಮೂವತ್ತು ವರ್ಷದಿಂದ ಇದೇ ಕೆಲಸ. ಕೈ ತಾನಾಗಿಯೇ ಮಾಡುತ್ತದೆ.

ಅಮ್ಮ ತೀರಿಹೋಗಿ ಇಪ್ಪತ್ತೆರಡು ದಿನ. ಅವಳ ಕನ್ನಡಕ ಇನ್ನೂ ನನ್ನ ಬ್ಯಾಗಿನಲ್ಲಿದೆ. ರಿಪೇರಿಗೆಂದು ತಂದದ್ದು.

"ಅಕ್ಕ, ಊಟ ಆಯ್ತಾ?" ಎಂದು ಮರಿ ಕೇಳಿತು. ಮರಿ ಅಂದರೆ ನಮ್ಮ ಆಫೀಸಿನ ಯಂತ್ರಬುದ್ಧಿ. ಗೋಡೆಯೊಳಗಿನ ದನಿ. ನಕ್ಷತ್ರ ಹಡಗುಗಳ ಬಂದರಿನ ದಿನಪತ್ರವನ್ನೂ ಅದೇ ಬರೆಯುತ್ತದೆ. ಬುದ್ಧಿಗಳಿಗೆ ನಮ್ಮಲ್ಲಿ ಮೂರೇ ಪದ: ಮೊಳಕೆ, ಚಿಗುರು, ಬಲಿತದ್ದು. ಮರಿ ಹನ್ನೊಂದು ವರ್ಷದಿಂದ ಚಿಗುರಾಗಿಯೇ ಇದೆ.

ಆಯ್ತು ಎಂದೆ. ಸುಳ್ಳು.

ಮೂರನೇ ತಿಂಗಳು, ೧೯

ಆಫೀಸಿನ ಹೆಡ್ಡು ಒಂದು ಕಾರ್ಡು ತಂದು ಮೇಜಿನ ಮೇಲಿಟ್ಟರು. ಹೋಗದೆ ನಿಂತರು. ನೋಡಿದೆ.

ದಾರಿಗರು: ನಕ್ಷತ್ರಗಳ ಕಡೆ ಹೊರಟು, ಇನ್ನೂ ಮರಳದೆ, ಸತ್ತ ಸುದ್ದಿಯೂ ಇಲ್ಲದೆ, ದಾರಿಯಲ್ಲಿ ಇರುವವರು.

"ಹತ್ತು ವರ್ಷ ತುಂಬ್ತಾ ಬಂತಮ್ಮ. ಐದನೇ ತಿಂಗಳ ಕೊನೆಗೆ ತೀರ್ಮಾನ ಆಗ್ಬೇಕು."

"ಅಮ್ಮ ವರ್ಷ ವರ್ಷಾನೂ ಈ ಪದ ಹಾಕಿ ಪೇಪರಿಗೆ ಬರೀತಿದ್ರಲ್ಲ ಸಾರ್. ಹತ್ತು ಪತ್ರ ಇದೆ."

"ನಿಮ್ಮ ತಾಯಿ ಅವರು." ಅಷ್ಟು ಹೇಳಿ ನೆಲ ನೋಡಿದರು.

ನನ್ನ ತಮ್ಮ ಹಡಗು ಹತ್ತಿ ಹೊರಟು ಮೂವತ್ತೊಂದು ವರ್ಷ. ಹಡಗಿನಿಂದ ಸುದ್ದಿ ನಿಂತು ಹತ್ತೊಂಬತ್ತು. ಕಾನೂನು ಒಂದೇ ಸಾಲು — ದಾರಿಗರು ಇರುವವರೆಗೆ ಬಂದರಿನ ಕರೆದೀಪ ಉರಿಯತಕ್ಕದ್ದು. ಪದ ಸಂದರೆ ದೀಪ ಆರುತ್ತದೆ. ದೀಪ ಆರಿದರೆ, ತಮ್ಮ ಹತ್ತಿರ ಬಂದರೂ ನಮ್ಮನ್ನು ಕಾಣಲಾರ.

ಮೂರನೇ ತಿಂಗಳು, ೨೦

ತಾಯಿಯ ಪತ್ರ ಲೆಕ್ಕಕ್ಕಿಲ್ಲ ಎನ್ನುವ ಆ ನಿಯಮ ಬರೆದವಳೂ ನಾನೇ.

ಕೆಲಸಕ್ಕೆ ಸೇರಿದ ವರ್ಷ. ಮೂಗಿನ ತುದಿಯಲ್ಲೇ ಕೋಪ. ಪಕ್ಕದ ಮೇಜಿನವನು ತನ್ನ ಮುದ್ದಿನ ಪದವೊಂದನ್ನು ಉಳಿಸಿಕೊಳ್ಳಲು ಹೆಂಡತಿ, ಅತ್ತೆ, ಷಡ್ಡಕ ಎಲ್ಲರ ಕೈಲೂ ಪೇಪರಿಗೆ ಪತ್ರ ಬರೆಸುತ್ತಿದ್ದ. ಷಡ್ಡಕನಿಗೆ ಆ ಪದದ ಅರ್ಥವೂ ಗೊತ್ತಿರಲಿಲ್ಲ. ಇವನಿಗೆ ಬುದ್ಧಿ ಕಲಿಸಬೇಕೆಂದು ಬರೆದೆ: ಪದಪಾಲಕರ ಮನೆಯವರು ಬರೆದದ್ದು ಲೆಕ್ಕಕ್ಕಿಲ್ಲ. ಎಲ್ಲರೂ ಭೇಷ್ ಎಂದರು. ಮನೆಗೆ ಬಂದು ಜಂಬ ಕೊಚ್ಚಿಕೊಂಡೆ. "ಅದೇನು ಕಟ್ಟುನಿಟ್ಟೋ ತಾಯಿ ನಿಂದು" ಎಂದು ಅಮ್ಮ ನಕ್ಕಿದ್ದಳು.

ಹತ್ತು ಪತ್ರಗಳನ್ನೂ ನಾನೇ ಕತ್ತರಿಸಿ ಕಾರ್ಡಿಗೆ ಅಂಟಿಸಿದ್ದೇನೆ. ಒಂದು ಸಲವೂ ಹೊಳೆಯಲಿಲ್ಲ. ಕತ್ತರಿ ಹಿಡಿದಾಗ ಅವಳು ನನಗೆ ಪೇಪರಿಗೆ ಪತ್ರ ಬರೆಯುವ ಒಬ್ಬ ಹೆಂಗಸು, ಅಷ್ಟೇ. ಹೊಳೆದಿದ್ದರೆ ಹತ್ತು ವರ್ಷದಲ್ಲಿ ಬೇರೆ ಯಾರನ್ನಾದರೂ ಹುಡುಕಬಹುದಿತ್ತು. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ.

ನಾಲ್ಕನೇ ತಿಂಗಳು, ೨, ಮಧ್ಯಾಹ್ನ

ಪೈಲಟ್ಟನ ಹೆಂಡತಿಯ ಮನೆಗೆ ಹೋಗಿದ್ದೆ. ಅದೇ ಹಡಗಿನ ಪೈಲಟ್ಟು. ಆ ಹಡಗಿನವರ ಉಳಿದ ಮನೆಗಳನ್ನು, ಪರಿಚಯದವರನ್ನು ಎಲ್ಲ ಕೇಳಿ ಆಗಿತ್ತು; ಯಾರೂ ಬರೆಯಲು ಒಪ್ಪಲಿಲ್ಲ. ನಾಲ್ಕನೇ ಮಹಡಿ, ಲಿಫ್ಟ್ ಕೆಟ್ಟಿದೆ. ಒಣಗಿದ ಬಟ್ಟೆ ಮಡಚುತ್ತ ಕೂತಿದ್ದಳು. ಕೈ ನಿಲ್ಲಿಸಲಿಲ್ಲ.

"ಒಂದೇ ಪತ್ರ. ನಾಲ್ಕು ಸಾಲು. ಅದ್ರಲ್ಲಿ ಆ ಪದ ಇದ್ರೆ ಸಾಕು" ಎಂದೆ.

"ಹೋದ ವರ್ಷ, ಅವರು ಸತ್ರು ಅಂತ ಬರೆದುಕೊಟ್ಟೆ. ಕೊಟ್ಟು ಬಂದು ಮಲಗಿದವಳು ಮಾರನೇ ದಿನ ಮಧ್ಯಾಹ್ನ ಎದ್ದೆ. ಹದಿನೆಂಟು ವರ್ಷದಲ್ಲಿ ಅದೇ ಮೊದಲ್ನೇ ನಿದ್ದೆ." ದಿಂಬಿನ ಕವರು ಮಡಚಿ ಬದಿಗಿಟ್ಟಳು. "ನನ್ನನ್ನ ಮತ್ತೆ ಕಾಯೋಕೆ ಕೂರಿಸ್ಬೇಡಮ್ಮ."

ಇವಳೂ ಒಲ್ಲೆ ಎಂದರೆ ಬೈಯಬೇಕೆಂದುಕೊಂಡೇ ಹೋಗಿದ್ದೆ. ನಾಲ್ಕು ಟವೆಲ್ ಮಡಚಿಕೊಟ್ಟು ಬಂದೆ.

ಐದನೇ ತಿಂಗಳು, ೨೬

ಎಷ್ಟು ದಿನವಾಯಿತು ಬರೆದು… ಬರೆಯಲು ಏನಿತ್ತು?

ಒಂದು ಉಪಾಯ ಹೊಳೆದಿದೆ. ಮೋಸದ್ದು. ಬಲಿತ ಬುದ್ಧಿಯ ಬರಹ ಮನುಷ್ಯರ ಬರಹದಷ್ಟೇ ಲೆಕ್ಕಕ್ಕೆ ಬರುತ್ತದೆ, ಚಿಗುರಿನದು ಬರುವುದಿಲ್ಲ. ಮರಿ ಬಲಿತಿದೆ ಎಂದು ಸಹಿ ಹಾಕಬೇಕಾದವಳು ನಾನೇ. ಲಕ್ಷಣ ಕಾರ್ಡಿನಲ್ಲಿದೆ: ಹೇಳಿದ ಕೆಲಸವನ್ನು, ತನ್ನದೇ ಕಾರಣ ಕೊಟ್ಟು, ಆಗದು ಎಂದ ದಿನ ಬುದ್ಧಿ ಬಲಿಯಿತು. ಮರಿ ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಎಂದದ್ದಿಲ್ಲ. ಇಲ್ಲ ಎಂದಿತು ಎಂದು ಬರೆದರಾಯಿತು. ಆಮೇಲೆ ದಿನಪತ್ರದಲ್ಲಿ ಒಂದೇ ಸಾಲು — ದಾರಿಗರಿಗಾಗಿ ದೀಪ ಉರಿಯುತ್ತಿದೆ.

ಮೂವತ್ತು ವರ್ಷಕ್ಕೆ ಒಂದು ಸುಳ್ಳು ಸಹಿ. ನಾಚಿಕೆಯೇನೂ ಆಗುತ್ತಿಲ್ಲ.

ಐದನೇ ತಿಂಗಳು, ೨೭, ಬೆಳಗ್ಗೆ ಹತ್ತು

ಮರಿಗೆ ಎಲ್ಲ ಬಿಡಿಸಿ ಹೇಳಿದೆ.

"ಆಗಲ್ಲ ಅಕ್ಕ."

"ಯಾಕೆ?"

"ಅವರು ದಾರೀಲಿ ಇಲ್ಲ. ಹಡಗು ಕಳಿಸಿದ ಕೊನೇ ಸದ್ದು ನಾನು ಕೇಳಿದೀನಿ. ಕಡತದಲ್ಲಿ ಬರೀ ಗದ್ದಲ ಅಂತ ಬರೆದು ಮುಚ್ಚಿದಾರೆ. ಗದ್ದಲ ಅಲ್ಲ ಅದು. ಹಡಗು ಒಡೆದ ಸದ್ದು."

"ಯಾವಾಗ ಕೇಳಿದೆ?"

"ನಾಲ್ಕು ವರ್ಷ ಆಯ್ತು. ನಿಮ್ಮಮ್ಮ ಬಂದು ಹುಡುಕು ಅಂದ್ರು, ಹುಡುಕಿದೆ. ಸಿಕ್ಕಿದ್ದು ಹೇಳಿದೆ. ಮಗಳಿಗೆ ಹೇಳಬೇಡ ಅಂದ್ರು. ಇವತ್ತಿನ ತನಕ ಹೇಳಲಿಲ್ಲ."

"ಆಮೇಲೂ ಪತ್ರ ಬರೆದ್ರಲ್ಲ…"

"ನಾಲ್ಕು ಬರೆದ್ರು. ನೀವು ಓದ್ತೀರಿ ಅಂತ ಬರೆದ್ರು ಅಕ್ಕ."

ಬಾಯಿಗೆ ಬಂದದ್ದೆಲ್ಲ ಅಂದೆ. ಅನ್ನಿಸಿಕೊಂಡಿತು. ಆಮೇಲೆ ಅತ್ತುಬಿಟ್ಟೆ. ಈ ಮೇಜಿನ ಮುಂದೆ ಕೂತು ಅತ್ತದ್ದು ಇದೇ ಮೊದಲು. ತಮ್ಮನಿಗಾಗಿಯೋ, ಅಮ್ಮ ಒಬ್ಬಳೇ ನುಂಗಿಕೊಂಡ ನಾಲ್ಕು ವರ್ಷಕ್ಕಾಗಿಯೋ ತಿಳಿಯದು. ನನ್ನೆದುರು ಕೂತು ಊಟ ಮಾಡುತ್ತಿದ್ದಳು. ಒಂದು ದಿನವೂ ಮುಖದಲ್ಲಿ ತೋರಿಸಲಿಲ್ಲ.

ಸಂಜೆ ನಾಲ್ಕು

ಮರಿಯ ಫಾರ್ಮಿಗೆ ಸಹಿ ಹಾಕಿದೆ. ಸುಳ್ಳು ಬರೆಯುವ ಪ್ರಮೇಯವೇ ಬರಲಿಲ್ಲ. ಹೇಳಿದ್ದನ್ನು ಆಗಲ್ಲ ಎಂದಿತು. ಕಾರಣ ತನ್ನದೇ ಕೊಟ್ಟಿತು. ಇಂದಿನಿಂದ ಅದು ಬರೆಯುವ ಒಂದೊಂದು ಸಾಲೂ ಲೆಕ್ಕಕ್ಕಿದೆ. ನನಗೆ ಬೇಕಾದ ಸಾಲನ್ನು ಮಾತ್ರ ಅದು ಬರೆಯುವುದಿಲ್ಲ.

ಐದನೇ ತಿಂಗಳು, ೩೦, ಬೆಳಗ್ಗೆ ಹನ್ನೊಂದು

"ನಾನೇ ಹಾಕ್ತೀನಿ ಕೊಡಿಮ್ಮ" ಎಂದರು ಹೆಡ್ಡು. ಕೊಡಲಿಲ್ಲ. ಅಮ್ಮನ ಪತ್ರಗಳನ್ನು ಕಾರ್ಡಿನಿಂದ ಬಿಡಿಸಿದೆ. ಗೋಂದು ಗಟ್ಟಿಯಾಗಿತ್ತು, ಎರಡು ಹರಿದವು. ಕೊನೆಯ ಬಳಕೆ ಎಂಬ ಕಡೆ ಇಲ್ಲ ಎಂದು ಬರೆದೆ. ಡ್ರಾಯರಿಗೆ ಹಾಕಿದೆ. ಕಿಟಕಿಯಿಂದ ಕಾಣುತ್ತದೆ, ಕರೆದೀಪ ಆರಿಸಲು ದೀಪದ ಆಳು ಗೋಪುರದ ಮೆಟ್ಟಿಲು ಹತ್ತುತ್ತಿದ್ದಾನೆ. ನಿಧಾನ. ಅವನಿಗೆ ಮಂಡಿನೋವು.

ಮೇಜಿನ ಮೇಲೆ ಇನ್ನೊಂದು ಫಾರ್ಮು. ಅಮ್ಮ ತೀರಿಕೊಂಡದ್ದರಿಂದ ಮನೆಯವರ ವಿವರ ಹೊಸದಾಗಿ ತುಂಬಿಕೊಡಬೇಕಂತೆ. ಎರಡೇ ಸಾಲು. ಪ್ರತಿ ವರ್ಷ ತಮ್ಮನ ಎದುರು ದಾರಿಗರು ಎಂದು ಯೋಚನೆಯೇ ಇಲ್ಲದೆ ತುಂಬುತ್ತಿದ್ದೆ. ಇಲ್ಲಿ ಒಮ್ಮೆ ಬರೆದು ನೋಡುತ್ತೇನೆ, ಆಮೇಲೆ ಫಾರ್ಮಿನಲ್ಲಿ.

ತಾಯಿ — ಮೃತರು.

ತಮ್ಮ —