ಸಾಜಿಯಾಗ ಸಿಕ್ಕ ಕೆಲಸ

ಸೋಮವಾರ, ೯ ಜೂನ್ ೨೦೨೫. ಕುಪ್ಪೇಲೂರು.

ಇವತ್ತು ಬಾಜು ಮನಿ ಸಾಜಿಯಾಳ ಸಲುವಾಗಿ ರಾಣೆಬೆನ್ನೂರಿನ ಬೀಜದ ಅಂಗಡಿಗೆ ಫೋನ್ ಹಚ್ಚಿದ್ದೆ. ಕಂಪ್ಯೂಟರ್ ಕೆಲಸ. ಹೆಸರು ಹೇಳಿದ ಕೂಡಲೇ ಮಾಲಕ, "ಜಾಗ ತುಂಬೇತ್ರಿ" ಅಂದ. ನನ್ನ ಕಿಡಿಗೇಡಿ ಬುದ್ಧಿ ಸುಮ್ಮನಿರಬೇಕಲ್ಲ! ಚಾ ಕುಡಿದು, ಹೆಂಡತಿ ಫೋನಿನಿಂದ, ದನಿ ಬದಲಿಸಿ, ಅದೇ ಡಿಗ್ರಿ, ಅವೇ ಮಾರ್ಕ್ಸು ಹೇಳಿ, "ಹುಡುಗಿ ಹೆಸರು ಸುನಿತಾರಿ" ಅಂದೆ.

"ನಾಳೆನ ಕಳಸ್ರಿ!"

ಅಲ್ಲಿಗೇ ಬಿಡಬೇಕಿತ್ತು. "ನಾ ಒಂದ ಮಾತು ಹೇಳಿದ್ರ ಸಾಕು, ಕೆಲಸ ಆತು" ಅಂತ ಓಣಿ ತುಂಬ ಜಂಬ ಕೊಚ್ಚಿದೆ. ಸಾಜಿಯಾಳ ಅವ್ವ ಮೈಮುನಾಬಿ ನನ್ನ ಬಾಯಿಗೆ ಸಕ್ಕರಿ ಹಾಕಿದಳು.

"ಕಾಕಾ, ನನ್ನ ಹೆಸರು ಬರಕೊಂಡಾರಲ್ಲ?" ಅಂತ ಸಾಜಿಯಾ ಕೇಳಿದಳು.

"ಹೂಂನವ್ವ" ಅಂದುಬಿಟ್ಟೆ.

ನಾಳೆ ಮುಂಜಾನೆ ಎಂಟರ ಬಸ್ಸಿಗೆ ಹೊಂಟಾಳ. ಅದಕ್ಕೂ ಮೊದಲ ಬಾಗಿಲಾ ಬಡದು ಹೇಳಬೇಕು. ಏನಂತ ಹೇಳಲಿ? ನಿನ್ನ ಹೆಸರೊಂದು ಬಿಟ್ಟು ಉಳಿದದ್ದೆಲ್ಲಾ ಪಾಸಾಗೇತವ್ವ ಅಂತನಾ...