ಉಳಿದ ಅನ್ನಕ್ಕೆ ಸೋಪಿನ ನೀರು

ಕಾಲೇಜು ಕ್ಯಾಂಟೀನಿನ ಮ್ಯಾನೇಜರ್ ಸಾಹೇಬರಿಗೆ,

ಅಡುಗೆಮನೆಯಿಂದ ದೊಡ್ಡಕ್ಕನ ನಮಸ್ಕಾರ.

ನಿನ್ನೆ ಸಂಬಳದ ಮಾತುಕತೆಯಲ್ಲಿ, "ನೀವೆಲ್ಲ ನಮ್ಮನೆಯವರಿದ್ದಂಗೆ. ಮನೆಯವರು ಕೂಲಿ ಕೇಳ್ತಾರಾ?" ಅಂದಿರಿ. ಉಳಿದ ಅನ್ನವನ್ನು ನಾವು ಒಯ್ಯಬಾರದೆಂದು ದಿನಾ ನಮ್ಮ ಕೈಯಿಂದಲೇ ಅದಕ್ಕೆ ಸೋಪಿನ ನೀರು ಸುರಿಸುತ್ತೀರಲ್ಲ, ಅದು ಯಾವ ಮನೆಯ ಪದ್ಧತಿ ಸ್ವಾಮಿ? ಇಲ್ಲೇ ಕಾದ ಎಣ್ಣೆ ಕಾಲ ಮೇಲೆ ಬಿದ್ದು ನನ್ನ ತಂಗಿ ಹಾಸಿಗೆ ಹಿಡಿದಿದ್ದಾಳೆ. ಅವಳಿಗೆ ಸಂಬಳದ ರಜೆ ಕೇಳಿದರೆ "ನೋಡೋಣ" ಅನ್ನುತ್ತೀರಿ. ಆ "ನೋಡೋಣ" ಕೇಳಿ ಕೇಳಿ ಕಿವಿ ತೂತಾಗಿದೆ.

ನಾಳೆಯ ಮಾತುಕತೆಗೂ ಊಟ ನಮ್ಮದೇ ಬೇಕೆಂದು ಹೇಳಿ ಕಳಿಸಿದ್ದೀರಿ. ಬಡಿಸುತ್ತೇವೆ, ಹೊಟ್ಟೆ ತುಂಬ ಉಣ್ಣಿ. ಆಮೇಲೆ ಉಳಿದ ಅನ್ನಕ್ಕೆ, ನಮ್ಮೆಲ್ಲರ ಕಣ್ಣೆದುರು, ಸೋಪಿನ ನೀರನ್ನು ನೀವೇ ಸುರಿಯಿರಿ. ನನಗಿನ್ನು ಕೈ ಬರುವುದಿಲ್ಲ.

ಇಂತಿ,
ಕೂಲಿಯನ್ನೇ ಕೇಳುವ
ದೊಡ್ಡಕ್ಕ