ಸ್ಕೂಟರಿನ ಕೆಮ್ಮು

ಅಂಧೇರಿ, ಮುಂಬಯಿ
1 ಅಕ್ಟೋಬರ್ 1978

ಪ್ರೀತಿಯ ತಮ್ಮ ದಾವಲಸಾಬನಿಗೆ,

ಅಣ್ಣ ಫಕ್ರುದ್ದೀನನ ಸಲಾಮು ಮತ್ತು ದುವಾ. ದುಬೈಯ ಸೆಕೆ ಈಗಲಾದರೂ ಇಳಿಯಿತೇ? ಅಲ್ಲಿಯ ಊಟ ಹೊಟ್ಟೆಗೆ ಹಿಡಿಸುತ್ತಿದೆಯೇ? ಹಲ್ಲುನೋವು ಹೋಯಿತೇ? ಜೂನಿನಿಂದ ಪ್ರತಿ ಪತ್ರದಲ್ಲೂ ಇದನ್ನೇ ಕೇಳುತ್ತಿದ್ದೇನೆ. ಉತ್ತರವಿಲ್ಲದ್ದರಿಂದ ನೋವಿನ ಜೊತೆ ಹಲ್ಲೂ ಹೋಗಿರಬೇಕೆಂದು ತಿಳಿದಿದ್ದೇನೆ. ಈದಿಗೂ ನಿನ್ನಿಂದ ಒಂದು ಸಾಲು ಬರಲಿಲ್ಲ. ಇಲ್ಲಿ ಅಮೀನಾ, ಮಕ್ಕಳು ಕ್ಷೇಮ. ಅವ್ವ ಉಣ್ಣುತ್ತಾಳೆ, ನಮಾಜು ಮಾಡುತ್ತಾಳೆ, ಪೋಸ್ಟ್‌ಮನ್ ಹೋದ ಮೇಲೂ ಬಾಗಿಲಲ್ಲೇ ನಿಂತಿರುತ್ತಾಳೆ.

ಈಗ ನೀನು ಬಿಟ್ಟುಹೋದ ಸ್ಕೂಟರಿನ ವಿಷಯ. ನಿನ್ನ ಪತ್ರ ನಿಂತ ಮೇಲೆ ಅವ್ವ ತನ್ನದೇ ಒಂದು ದಾರಿ ಹುಡುಕಿಕೊಂಡಿದ್ದಾಳೆ. ದಿನಾ ಬೆಳಿಗ್ಗೆ ನಾನು ಅದನ್ನು ಚಾಲೂ ಮಾಡಬೇಕು, ಅವಳು ಬಾಗಿಲಲ್ಲಿ ನಿಂತು ಕೇಳಬೇಕು. ಸದ್ದು ನೆಟ್ಟಗಿದ್ದರೆ ನೀನು ಅಲ್ಲಿ ನೆಟ್ಟಗಿದ್ದೀ. ಅದು ಕೆಮ್ಮಿದರೆ ಆ ದಿನ ಅವಳು ಚಹಾವನ್ನೂ ಮುಟ್ಟುವುದಿಲ್ಲ. ಇದೆಲ್ಲ ಮೂಢನಂಬಿಕೆ ಅವ್ವಾ ಎಂದು, ಬಿ.ಎ. ಓದಿ ಮಾಸ್ತರನಾದ ನಾನು, ಒಮ್ಮೆ ಹೇಳಿ ನೋಡಿದೆ. “ಹೌದಪಾ, ನೀ ಶಾಣ್ಯಾ ಅದಿ. ಹಂಗಾರ ಅವನ ಸುದ್ದಿ ನೀನ ಹೇಳು” ಎಂದಳು. ನಾನು ಕಿಕ್ ಹೊಡೆಯಲು ಹೋದೆ.

ಗೊಂದಲ ಶುರುವಾದದ್ದು ಆಗಸ್ಟಿನಲ್ಲಿ. ಮಳೆಗಾಲವಿಡೀ ಅದು ಚಾಳಿನ ಅಂಗಳದಲ್ಲಿ ಗೋಣಿತಾಟು ಹೊದ್ದು ನಿಂತಿತ್ತು. ಒಳಗೆ ನಮಗೇ ಕಾಲು ಚಾಚಲು ಜಾಗವಿಲ್ಲ. ಕಿಕ್ ಹೊಡೆದರೆ ಕೆಮ್ಮು, ಕಾಲು ತೆಗೆದರೆ ಗಮ್ಮು. ಗೇರು ಹಾಕಿದರೆ ಗೊರಕೆ, ಏರು ಕಂಡರೆ ಹರಕೆ. (ಪ್ರಾಸಕ್ಕೆ ಬೈಯಬೇಡ. ಸ್ಕೂಟರ್ ತಳ್ಳುವವನಿಗೆ ಬೇರೆ ಮನರಂಜನೆಯಿಲ್ಲ.) ಪಕ್ಕದ ಕೋಣೆಯ ಖಂಡಪ್ಪ ಮಿಲ್ಲಿನಲ್ಲಿ ಮಗ್ಗ ನೋಡಿಕೊಳ್ಳುವವನಾದ್ದರಿಂದ ಯಂತ್ರಗಳೆಲ್ಲ ತನ್ನ ಬೀಗರೆಂದು ತಿಳಿದವನು. “ಪ್ಲಗ್ ಹೋಗೇತ್ರೀ ಮಾಸ್ತರ” ಎಂದ. ಬದಲಿಸಿದೆ, ಕೆಮ್ಮು ಬದಲಾಗಲಿಲ್ಲ. ಕೊನೆಗೆ ಸೆಪ್ಟೆಂಬರಿನಲ್ಲಿ ಸ್ಟೇಷನ್ ಹತ್ತಿರದ ಗ್ಯಾರೇಜಿಗೆ ತಳ್ಳಿಕೊಂಡು ಹೋದೆ. ಅಲ್ಲಿಯ ಮೆಕ್ಯಾನಿಕ್ ದೂಜ, ಮಂಗಳೂರಿನ ಕಡೆಯವನು, ಟ್ಯಾಂಕಿನ ಪೆಟ್ರೋಲನ್ನು ಬಾಟಲಿಗೆ ಇಳಿಸಿ ಬೆಳಕಿಗೆ ಹಿಡಿದ. ತಳದಲ್ಲಿ ನೀರು ಬೇರೆಯಾಗಿ ಕೂತಿತ್ತು. “ಇದು ಸ್ಕೂಟರ್ ಅಲ್ಲ ಮಾರಾಯ್ರೆ, ಬಾವಿ!” ಎಂದ. ಮಳೆಯ ನೀರು ಇಳಿದಿದೆ ಎಂದು ಟ್ಯಾಂಕು, ಕಾರ್ಬೊರೇಟರು ಎಲ್ಲ ತೊಳೆದು, ಮುಚ್ಚಳಕ್ಕೆ ಹೊಸ ರಬ್ಬರ್ ಹಾಕಿಕೊಟ್ಟ. ಮನೆಯವರೆಗೆ ಕುದುರೆಯ ಹಾಗೆ ಬಂತು. ಅವ್ವ ಆ ಸಂಜೆ ಎರಡು ರೊಟ್ಟಿ ಹೆಚ್ಚು ಉಂಡಳು.

ಮುಂದಿನ ಶುಕ್ರವಾರ ಮತ್ತೆ ಕೆಮ್ಮು, ಮತ್ತೆ ಬಾಟಲಿ, ಮತ್ತೆ ನೀರು. ಅಷ್ಟು ಹೊತ್ತಿಗೆ ಮಳೆ ನಿಂತಿತ್ತು. ದೂಜ ಪೆಟ್ರೋಲ್ ಪಂಪಿನವನನ್ನು ಬೈದ, ಪಂಪಿನವನು ದೂಜನನ್ನು ಬೈದ, ಖಂಡಪ್ಪ ಇಬ್ಬರನ್ನೂ ಬೈದು ಪುನಃ ಪ್ಲಗ್ ಎಂದ. ಆಕಾಶ ಒಣಗಿದೆ, ಅಂಗಳ ಒಣಗಿದೆ, ಟ್ಯಾಂಕಿಗೆ ಮಾತ್ರ ಎಲ್ಲಿಂದ ಮಳೆ? ಪಾಠ ಮಾಡುವಾಗಲೂ ನನಗೆ ಅದೇ ಯೋಚನೆ.

ಮೊನ್ನೆ ಗುರುವಾರ ಶಾಲೆಯಿಂದ ಬೇಗ ಬಂದೆ. ಅವ್ವ ಅಂಗಳದಲ್ಲಿ ಸ್ಕೂಟರಿನ ಸೀಟು ಎತ್ತಿಕೊಂಡು ನಿಂತಿದ್ದಳು. ಕೈಯಲ್ಲಿ ಮಾಹಿಮ್ ದರ್ಗಾದಲ್ಲಿ ದುವಾ ಓದಿಸಿ ತಂದ ನೀರು, ತುಟಿಯಲ್ಲೂ ದುವಾ. ಕೂಸಿಗೆ ಕುಡಿಸುವ ಹಾಗೆ ಗುಟುಕು ಗುಟುಕಾಗಿ ಟ್ಯಾಂಕಿಗೆ ಹಾಕುತ್ತಿದ್ದಳು! ನನ್ನನ್ನು ಕಂಡು ಬೆಚ್ಚಲೂ ಇಲ್ಲ. “ಭಾಳ ಕೆಮ್ಮಾಕತ್ತಿತ್ತಪಾ. ದಾವಲ್ ಸಣ್ಣಾಂವಿದ್ದಾಗ ಕೆಮ್ಮಿದ್ರ ಇದನ್ನ ಕುಡಸ್ತಿದ್ನೆಲ್ಲ” ಎಂದಳು. ಕೆಮ್ಮಿತೆಂದು ನೀರು, ನೀರು ಬಿತ್ತೆಂದು ಕೆಮ್ಮು. ಮೊದಲ ಕೆಮ್ಮು ಮಳೆಯದೋ ಅವ್ವನದೋ ನನಗೆ ಇನ್ನೂ ಬಗೆಹರಿದಿಲ್ಲ. ತಾಯಿಯ ದುವಾದಿಂದಲೇ ಮಗನ ಗಾಡಿ ಕೆಟ್ಟಿತು ಎಂದು ಅವಳಿಗೆ ಯಾವ ಬಾಯಿಂದ ಹೇಳಲಿ? ಗಾಡಿಗೆ ದುವಾದ ನೀರನ್ನು ಮೇಲಿನಿಂದ ಚಿಮುಕಿಸುವುದೇ ರಿವಾಜು, ಕುಡಿಸುವುದಲ್ಲ ಎಂದೆ. ಒಪ್ಪಿದಳು. ದೂಜ ಟ್ಯಾಂಕನ್ನು ಮತ್ತೊಮ್ಮೆ ತೊಳೆದ.

ಇವತ್ತು ಬೆಳಿಗ್ಗೆ ಒಂದೇ ಕಿಕ್ಕಿಗೆ ಚಾಲೂ ಆಯಿತು. ಅವ್ವ ಬಹಳ ಹೊತ್ತು ಕೇಳುತ್ತ ನಿಂತಳು. ನಗುತ್ತಾಳೆ ಎಂದುಕೊಂಡೆ. “ಗಾಡಿ ಅಂತೂ ಚಲೋ ಆತು. ಮತ್ತ ಅಂವಾ ಕಾಗದ ಯಾಕ ಬರಿವಲ್ಲ?” ಎಂದಳು. ಗಾಡಿ ಕೆಟ್ಟಿದ್ದಾಗ ತಪ್ಪು ಹೊರಿಸಲು ಪ್ಲಗ್ಗಾದರೂ ಇತ್ತು. ಈಗ ಯಾವುದರ ಮೇಲೆ ಹೊರಿಸಲಿ?

ಅವ್ವ ನಿನ್ನ ತಲೆ ಸವರಿ ದುವಾ ಕೊಟ್ಟಿದ್ದಾಳೆಂದು ತಿಳಿ. ಅಮೀನಾಳ ಸಲಾಮು. ಮಕ್ಕಳು ಕಾಕಾನಿಗೆ ಮುತ್ತು ಕಳಿಸಿದ್ದಾರೆ.

ನಿನ್ನ ಅಣ್ಣ,
ಫಕ್ರುದ್ದೀನ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇಷ್ಟು. ನಿನ್ನ ಜೊತೆ ಹೋಗಿದ್ದ ಪೀರಸಾಬ ರಜೆಗೆ ಬಂದಿದ್ದಾನೆ, ಗ್ರಾಂಟ್ ರೋಡಿನಲ್ಲಿ ಸಿಕ್ಕಿದ್ದ. ಜೂನಿನಲ್ಲೇ ನಿನ್ನ ಕೆಲಸ ಹೋಯಿತಂತೆ, ಯಾರದೋ ಖೋಲಿಯಲ್ಲಿದ್ದೀಯಂತೆ (ಲಕೋಟೆಯ ಮೇಲಿನ ವಿಳಾಸ ಅವನು ಕೊಟ್ಟದ್ದೇ), ಬರಿಗೈಯಲ್ಲಿ ಹೇಗೆ ಹೋಗಲಿ ಎನ್ನುತ್ತೀಯಂತೆ. ನೀನು ದುಬೈಯಿಂದ ತರುವ ಟೇಪ್ ರೆಕಾರ್ಡರಿಗಾಗಿ ಈ ಚಾಳಿನಲ್ಲಿ ಯಾರೂ ಕಾದಿಲ್ಲ. ಬರಿಗೈಯಲ್ಲೇ ಬಾ. ಅವ್ವನಿಗೆ ನಾನಿನ್ನೂ ಹೇಳಿಲ್ಲ. ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ. ನೀನೇ ಬಂದು ಹೇಳು.